ಕೋಳಿಕತ್ತು ಕಂಡ ವಾಲು

ಮುರಿಗೆಪ್ಪನವರ ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ವಾಲು ಬಂತು. ಗಟ್ಟಿಮೇಳ ಬಾರಿಸುತ್ತಿದ್ದವರ ಕೈ ನಿಂತಿತು. ಅಕ್ಷತೆ ಹಿಡಿದಿದ್ದ ಇನ್ನೂರು ಮುಷ್ಟಿಗಳು ಗಾಳಿಯಲ್ಲೇ ಉಳಿದವು. ಚಪ್ಪರದಲ್ಲಿದ್ದವರೆಲ್ಲ ನಮ್ಮೂರಿನವರು ಮೊದಲ ಹೆಜ್ಜೆ ಇಟ್ಟ ದಿನದಿಂದ ಮಾಡುತ್ತ ಬಂದದ್ದನ್ನೇ ಮಾಡಿದರು: ತಲೆ ತಗ್ಗಿಸಿ ತಮ್ಮ ತಮ್ಮ ಪಾದ ನೋಡಿಕೊಂಡರು. ನೆಲ ಉತ್ತರಕ್ಕೆ ಇಳಿಯಿತು, ಜನ ದಕ್ಷಿಣಕ್ಕೆ ಮೈ ಒಡ್ಡಿದರು, ಎರಡು ಉಸಿರಿನಷ್ಟು ಹೊತ್ತು ಊರು ಹಾಗೇ ಓರೆಯಾಗಿ ನಿಂತು ಮತ್ತೆ ಸಮಕ್ಕೆ ಬಂತು. ಎಲ್ಲರೂ ತಲೆ ಎತ್ತಿದರು. ಹೆಂಗಸರು ನೆರಿಗೆ ಸರಿಮಾಡಿಕೊಂಡರು, ಗಂಡಸರು ಕೆಮ್ಮಿದರು, ಮದುಮಗ ಎರಡನೆಯ ಗಂಟು ಹಾಕಿದ. ವಾಲಿನಲ್ಲಿ ಯಾರಿಗೆ ಏನಾಯಿತೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಿದ್ದವರು ಎದ್ದು ಮಣ್ಣು ಕೊಡವಿಕೊಳ್ಳುವವರೆಗೆ ಉಳಿದವರು ಬೇರೆ ಕಡೆ ನೋಡುವುದು ಮರ್ಯಾದೆ.

ನಾನೂ ನನ್ನ ಪಾದವನ್ನೇ ನೋಡಿಕೊಂಡಿದ್ದೆ. ಹದಿನಾಲ್ಕು ವರ್ಷದಿಂದ ಈ ಊರಿನ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆಯುವವಳು ನಾನೇ. ವಾಲಿನ ಹೊತ್ತಿಗೆ ನನ್ನ ಕ್ಯಾಮೆರಾದೊಳಗೆ ಒಂದಿಷ್ಟು ಚಪ್ಪರದ ಬಟ್ಟೆ, ಯಾರದೋ ಚಪ್ಪಲಿ, ಒಂದು ತುಂಡು ಆಕಾಶ ಎಲ್ಲ ಕಲೆಸಿ ಮುದ್ದೆಯಾಗಿ ಬರುತ್ತಿತ್ತು. ಅದನ್ನು ಕತ್ತರಿಸಿ ಆ ಜಾಗದಲ್ಲಿ ಅರಳುವ ಗುಲಾಬಿಯೊಂದನ್ನು ಅಂಟಿಸುವುದು ನಮ್ಮ ಕಸುಬಿನ ರೂಢಿ. ಈ ಊರಿನ ಯಾವ ದಂಪತಿಯ ಮದುವೆ ವಿಡಿಯೋ ನೋಡಿದರೂ ನಡುವೆ ಎಲ್ಲೋ ಒಂದು ಗುಲಾಬಿ ಅರಳುತ್ತದೆ. ನನ್ನದರಲ್ಲಿ ಮೂರು ಅರಳಿವೆ.

ಆ ದಿನ ಮಾತ್ರ ನನ್ನ ಬಲಗೈಯಲ್ಲಿ ಗಿಂಬಲ್ ಇತ್ತು.

ಅದು ನನಗೆ ಬಂದದ್ದೇ ಒಂದು ವಾಲಿನ ದೆಸೆಯಿಂದ. ಹೊರಗಿನಿಂದ ಒಬ್ಬ ಛಾಯಾಗ್ರಾಹಕ ಬಂದಿದ್ದ. ಬಸ್ಸಿನಿಂದ ಇಳಿದ ಐದೇ ನಿಮಿಷಕ್ಕೆ ವಾಲು ಬಂದು ಕಾಲು ಉಳುಕಿಸಿಕೊಂಡ. ನಾಲ್ಕು ದಿನ ನಮ್ಮ ಮನೆಯ ಮಂಚದ ಮೇಲೆ, ಮಂಚಕ್ಕೆ ತನ್ನನ್ನೇ ಕಟ್ಟಿಸಿಕೊಂಡು ಮಲಗಿದ್ದ. ಉಪಚಾರ ಮಾಡಿದವಳು ನಾನು. ಹೊರಡುವಾಗ ಆ ಸಾಮಾನನ್ನು ನನ್ನ ಕೈಗಿಟ್ಟು, "ಇದು ನಿಮ್ಮೂರಿಗೇ ಸರಿ ಕಣ್ರಿ. ನನಗೆ ಇದೂ ಬೇಡ, ನಿಮ್ಮೂರೂ ಬೇಡ" ಎಂದು ಕೈಮುಗಿದು ಬಸ್ಸು ಹತ್ತಿದ. ಒಂದು ಹಿಡಿ, ಅದರ ಮೇಲೆ ಮಡಚಿದ ತೋಳು, ತೋಳಿನ ಮೂರು ಗೆಣ್ಣುಗಳಲ್ಲಿ ಮೂರು ಪುಟ್ಟ ಮೋಟರು. ಕ್ಯಾಮೆರಾವನ್ನು ಕೂರಿಸಿ, ಹಿಂದೆ ಮುಂದೆ ಜರುಗಿಸಿ ತೂಕ ಸಮಮಾಡಿ ಗುಂಡಿ ಒತ್ತಿದರೆ ಕ್ಯಾಮೆರಾ ತಟ್ಟನೆ ತಲೆ ಎತ್ತಿ ನಿಲ್ಲುತ್ತದೆ. ಆಮೇಲೆ ನೀವು ಕೈಯನ್ನು ಎತ್ತ ತಿರುಚಿದರೂ ಅದರ ನೋಟ ಅಲುಗುವುದಿಲ್ಲ.

ನನ್ನ ಗಂಡ ಕೊಟ್ರೇಶ ಅದನ್ನು ನೋಡಿದವನೇ ಹೊಲಿಗೆ ಮೆಷಿನ್ನು ಬಿಟ್ಟು ಎದ್ದ. "ಏನೇ ಇದು, ಕೋಳಿ ಕಣೆ ಇದು!" ಎಂದು ಪಕ್ಕದ ಮನೆಯ ಹುಂಜವನ್ನು ಎತ್ತಿಕೊಂಡು ಬಂದ. ಅದರ ಮೈಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಆಡಿಸಿದ. ಮೈ ಎಲ್ಲೆಲ್ಲೋ ಹೋಯಿತು, ತಲೆ ಮಾತ್ರ ಗಾಳಿಗೆ ಮೊಳೆ ಹೊಡೆದ ಹಾಗೆ ಇದ್ದಲ್ಲೇ ಇತ್ತು. "ನೋಡು, ದೇವ್ರು ಇದನ್ನ ಯಾವತ್ತೋ ಮಾಡಿ ಬೀದಿಗೆ ಬಿಟ್ಟಿದಾನೆ. ನಿನ್ನ ಕಂಪ್ನಿಯೋರು ಪುಕ್ಕ ಕಿತ್ತು ಡಬ್ಬಕ್ಕೆ ಹಾಕಿದಾರೆ ಅಷ್ಟೆ." ಅಂದಿನಿಂದ ಆ ಸಾಮಾನಿಗೆ ನಮ್ಮ ಕೇರಿಯಲ್ಲಿ ಕೋಳಿಕತ್ತು ಎಂದೇ ಹೆಸರಾಯಿತು.

ಕೊಟ್ರೇಶ ನಡುಹಗ್ಗದವನು. ಏಳರಿಂದ ಹತ್ತು ವರ್ಷದೊಳಗೆ ನಮ್ಮೂರಿನ ಪ್ರತಿ ಮಗುವೂ ನಿಲುವಿನ ಪರೀಕ್ಷೆಗೆ ನಿಲ್ಲಬೇಕು. ಮೂರು ಸಲವೂ ಬಿದ್ದ ಮಗುವಿನ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ, ಹಗ್ಗದ ತುದಿಯ ಕೊಂಡಿಯನ್ನು ದೊಡ್ಡ ಬೀದಿಯ ಉದ್ದಕ್ಕೂ ಹಾಕಿರುವ ಕಬ್ಬಿಣದ ಕಂಬಿಗೆ ಸಿಕ್ಕಿಸುತ್ತಾರೆ. ಯಾರ ಮೇಲಿನ ದ್ವೇಷಕ್ಕೂ ಅಲ್ಲ, ತಲೆ ಒಡೆದುಕೊಂಡಾರೆಂಬ ಅಂಜಿಕೆಗೆ. ಆದರೆ ಕಂಬಿ ಇರುವಷ್ಟೇ ಅವರ ಊರು. ಮೇಲ್ಕೇರಿಯೆಲ್ಲ ಬಂಡೆ, ಅಲ್ಲಿಗೆ ಕಂಬಿ ಇಲ್ಲ. ಶಾಲೆ ಇರುವುದು ಅಲ್ಲೇ. ನನ್ನ ಗಂಡ ಮೂರನೆಯ ಕ್ಲಾಸಿಗೆ ಓದು ಮುಗಿಸಿದ್ದು ದಡ್ಡನೆಂದಲ್ಲ, ಹಗ್ಗ ಅಷ್ಟು ಉದ್ದವಿರಲಿಲ್ಲವೆಂದು.

ನಮ್ಮ ಮಗಳು ಚಂಪಕಳಿಗೆ ಒಂಬತ್ತು ತುಂಬಿತ್ತು. ಎರಡು ಸಲ ಬಿದ್ದಿದ್ದಳು. ಮೂರನೆಯ ಪರೀಕ್ಷೆಗೆ ಇಪ್ಪತ್ತಾರು ದಿನ ಉಳಿದಿತ್ತು.

ಮದುವೆಯ ಮಾರನೆಯ ದಿನ ಮಧ್ಯಾಹ್ನ, ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ನಮ್ಮ ಕಂಪ್ಯೂಟರಿನ ಮುಂದೆ ಕುಳಿತು ತಾಳಿ ಕಟ್ಟುವ ಭಾಗ ಹಾಕಿದೆ. ಗುಲಾಬಿ ಅಂಟಿಸಲು ಜಾಗ ಹುಡುಕುತ್ತಿದ್ದೆ. ಜಾಗ ಸಿಗಲಿಲ್ಲ. ಚಿತ್ರ ಎಲ್ಲೂ ಕಲೆಸಿರಲೇ ಇಲ್ಲ. ನನ್ನ ಕಣ್ಣೆದುರಿಗೆ ಚಪ್ಪರದ ಕಂಬಗಳು, ಅಷ್ಟೂ ಕಂಬಗಳು ಒಟ್ಟಿಗೆ ಎಡಕ್ಕೆ ಬಾಗಿದವು, ತೋರಣದ ಮಾವಿನೆಲೆಗಳು ಒಂದೇ ಕಡೆಗೆ ತೂಗಿ ನಿಂತವು, ಇನ್ನೂರು ಜನ ಗಾಳಿಗೆ ಬಾಗಿದ ಜೋಳದ ಹೊಲದ ಹಾಗೆ ಒಟ್ಟಿಗೆ ಒಂದು ಕಡೆಗೆ ಒರಗಿದರು, ಮತ್ತೆ ನಿಧಾನವಾಗಿ ನೆಟ್ಟಗಾದರು. ವಾಲು! ನಲವತ್ತು ವರ್ಷ ಅದರೊಳಗೇ ಬದುಕಿದ್ದೇನೆ, ಅದಕ್ಕೆಂದೇ ಲೋಟಕ್ಕೆ ಅರ್ಧ ಕಾಫಿ ಬಗ್ಗಿಸಿದ್ದೇನೆ, ಪಾತ್ರೆಗಳನ್ನು ಕೊಕ್ಕೆಗೆ ತೂಗುಹಾಕಿದ್ದೇನೆ, ಎಳೆಗೂಸನ್ನು ಬೆನ್ನಿಗೆ ಬಿಗಿದು ಅಡಿಗೆ ಮಾಡಿದ್ದೇನೆ. ಅದರ ಮುಖ ನೋಡಿದ್ದು ಅವತ್ತೇ ಮೊದಲು.

"ಏನ್ರೀ, ಬರ್ರಿ ಇಲ್ಲಿ! ಓಡಿ ಬರ್ರಿ!" ಎಂದು ಕೂಗಿದೆ. ಕೊಟ್ರೇಶ ಕೊಂಡಿ ಬದಲಿಸಿಕೊಂಡು ಒಳಗೆ ಬಂದ. ಇಬ್ಬರೂ ಹತ್ತು ಸಲ, ಇಪ್ಪತ್ತು ಸಲ ನೋಡಿದೆವು. ಮುರಿಗೆಪ್ಪನವರು ವಾಲಿನಲ್ಲಿ ತಮ್ಮ ಬೀಗಿತ್ತಿಯ ಸೆರಗು ಹಿಡಿದುಕೊಂಡಿದ್ದರು. ಪುರೋಹಿತರು ಮಂತ್ರ ಬಿಟ್ಟು ಬಾಳೆಹಣ್ಣಿನ ಬುಟ್ಟಿ ಕಾಪಾಡುತ್ತಿದ್ದರು. ಮದುಮಗಳು ಒಬ್ಬಳೇ ಕಲ್ಲಿನ ಹಾಗೆ ನಿಂತು, ಮದುಮಗನ ಕಾಲರು ಹಿಡಿದು ಅವನನ್ನೂ ನಿಲ್ಲಿಸಿದ್ದಳು. "ಆ ಮನೆ ಯಜಮಾನಿಕೆ ಯಾರ್ದು ಅಂತ ಇವತ್ತೇ ಗೊತ್ತಾಯ್ತು" ಎಂದ ಕೊಟ್ರೇಶ. ಆಮೇಲೆ ಒಂದು ಮೂಲೆಗೆ ಬೆರಳಿಟ್ಟು ಬಿದ್ದು ಬಿದ್ದು ನಗತೊಡಗಿದ. ಅಲ್ಲಿ ಬಾಗಿಲ ಬಾಳೆಕಂಬವನ್ನು ಎರಡೂ ತೋಳಿನಿಂದ ತಬ್ಬಿ, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತಿದ್ದವರು ವಿರೂಪಾಕ್ಷಪ್ಪ ಮೇಷ್ಟ್ರು. ನಿಲುವಿನ ಪರೀಕ್ಷೆ ಮಾಡುವವರು. ನಲವತ್ತು ವರ್ಷದಿಂದ ಈ ಊರಿನಲ್ಲಿ ಯಾರು ನಿಂತರು, ಯಾರು ಬಿದ್ದರು ಎಂದು ಹೇಳುತ್ತ ಬಂದವರು. ಕೊಟ್ರೇಶನ ಹಗ್ಗ ಕಟ್ಟಿದ್ದೂ ಅವರ ಕೈಯೇ.

ನಾನು ನಗಲಿಲ್ಲ. ನನ್ನ ಕಣ್ಣು ಚಿತ್ರದ ಇನ್ನೊಂದು ಮೂಲೆಗೆ ಅಂಟಿಕೊಂಡಿತ್ತು. ಅಕ್ಷತೆಯ ತಟ್ಟೆಯ ಹತ್ತಿರ ಮಕ್ಕಳ ಗುಂಪಿನಲ್ಲಿ ಚಂಪಕ ನಿಂತಿದ್ದಳು. ಅವಳು ಬಿದ್ದಳು. ಬೀಳುವುದು ಹೊಸದಲ್ಲ. ಆದರೆ ಅವಳು ಬಿದ್ದಾಗ ಕಂಬಗಳು ಇನ್ನೂ ನೆಟ್ಟಗಿದ್ದವು.

ಹಿಂದಕ್ಕೆ ಓಡಿಸಿದೆ. ಮತ್ತೆ ಹಾಕಿದೆ. ಚಂಪಕ ದಕ್ಷಿಣಕ್ಕೆ ಒರಗಿದಳು, ಒರಗಲು ಅಲ್ಲಿ ಇಳಿಜಾರೇ ಇರಲಿಲ್ಲ, ದಪ್ಪನೆ ಬಿದ್ದಳು. ಅವಳು ನೆಲ ಮುಟ್ಟಿದ ಮೇಲೆ ಮೊದಲ ಮಾವಿನೆಲೆ ಅಲುಗಿತು. ಆಮೇಲೆ ಕಂಬ. ಆಮೇಲೆ ಜನ.

"ಏನ್ರೀ," ಎಂದೆ, "ಇವಳು ವಾಲಿಗೆ ಬೀಳ್ತಿಲ್ಲ. ವಾಲು ಬರೋಕೆ ಮುಂಚೆ ಬೀಳ್ತಿದಾಳೆ. ಇವಳಿಗೆ ಮೊದ್ಲೇ ಗೊತ್ತಾಗ್ತೈತೆ!"

ಕೊಟ್ರೇಶನ ನಗು ನಿಂತಿತು. ತಾನೇ ಗುಂಡಿ ಒತ್ತಿ ಎರಡು ಸಲ ನೋಡಿದ. ನಮ್ಮ ಮಗಳನ್ನು ಒಂಬತ್ತು ವರ್ಷ ಊರೆಲ್ಲ ಕಾಲು ನಿಧಾನದ ಹುಡುಗಿ ಎಂದಿತ್ತು. ನಾವೂ ಅಂದಿದ್ದೆವು. ವಾಲು ಬಂದಾಗ ಎಲ್ಲರೂ ತಮ್ಮ ಪಾದ ನೋಡಿಕೊಳ್ಳುತ್ತಾರೆ, ತಲೆ ಎತ್ತಿದರೆ ಇವಳು ನೆಲದ ಮೇಲಿರುತ್ತಾಳೆ. ಯಾವಾಗ ಬಿದ್ದಳೆಂದು ನೋಡುವವರು ಯಾರಿದ್ದರು?

ಚಂಪಕ ಶಾಲೆಯಿಂದ ಬಂದ ಮೇಲೆ ಅವಳನ್ನು ಕೂರಿಸಿಕೊಂಡು ಕೇಳಿದೆ, "ಬೀಳೋಕೆ ಮುಂಚೆ ನಿನಗೆ ಏನಾಗ್ತೈತೆ ಚಂಪಿ?"

"ಹಿಮ್ಮಡೀಲಿ ಜುಮ್ ಅಂತೈತೆ. ಎಲ್ಲಾರಿಗೂ ಅಂಗೇ ಅಲ್ವಾ?"

"ನನಗೆ ಹಂಗೇನೂ ಆಗಲ್ಲವ್ವ."

"ಮತ್ತೆ ನಿನಗೆ ಹೆಂಗೆ ಗೊತ್ತಾಗ್ತೈತೆ?" ಎಂದು ನನ್ನನ್ನೇ ಕನಿಕರದಿಂದ ನೋಡಿದಳು.

ಆ ಸಂತೋಷದ ಅಮಲಿನಲ್ಲೇ ನಾನು ತಪ್ಪು ಮಾಡಿದ್ದು. ಮದುವೆಯ ಐದನೆಯ ದಿನ ಬೀಗರೆಲ್ಲ ಸೇರಿದಾಗ ಹೆಣ್ಣಿನ ಮನೆಯ ಗೋಡೆಯ ಮೇಲೆ ವಿಡಿಯೋ ತೋರಿಸುವುದು ನಮ್ಮಲ್ಲಿ ಪದ್ಧತಿ. ಮದುವೆ ಮಾಡಿಸಿದ ಹಿರಿಯರೆಲ್ಲ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಾನು ಗುಲಾಬಿ ಅಂಟಿಸಲಿಲ್ಲ. ಊರಿಗೆ ಊರಿನ ವಾಲನ್ನು ತೋರಿಸುತ್ತೇನೆಂಬ ಹುರುಪೊಂದೇ ತಲೆಯಲ್ಲಿ. ಗೋಡೆಯ ಮೇಲೆ ಕಂಬಗಳು ಬಾಗಿದಾಗ ಜನ "ಹೋ!" ಎಂದು ಎದ್ದು ನಿಂತರು. ಮತ್ತೆ ಹಾಕು, ಮತ್ತೆ ಹಾಕು ಎಂದು ಗಲಾಟೆ. ಮುರಿಗೆಪ್ಪನವರ ಹೆಂಡತಿ ಗಂಡನ ಕಡೆ ತಿರುಗಿ, "ನನ್ನ ಸೆರಗು ಅಲ್ಲೇ ಪಕ್ಕದಾಗೇ ಇತ್ತಲ್ಲ, ಅಷ್ಟು ದೂರ ಯಾಕೆ ಹೋದ್ರಿ?" ಎಂದರು. ನಗು ಚಾವಣಿಗೆ ಮುಟ್ಟಿತು. ಮೂರನೆಯ ಸಲ ಹಾಕಿದಾಗ ಯಾರೋ ಹಿಂದಿನಿಂದ ಕೂಗಿದರು, "ಬಾಳೆಕಂಬಕ್ಕೆ ಜೋತುಬಿದ್ದಿರೋರು ಯಾರಪ್ಪ? ನಮ್ಮ ಮೇಷ್ಟ್ರಲ್ವಾ?"

ನಗು ಇದ್ದಕ್ಕಿದ್ದ ಹಾಗೆ ನಿಂತಿತು. ವಿರೂಪಾಕ್ಷಪ್ಪ ಮೇಷ್ಟ್ರು ಮುಂದಿನ ಸಾಲಿನಲ್ಲೇ ಇದ್ದರು. ಗೋಡೆಯನ್ನು ಇನ್ನೊಂದು ಸಲ ನೋಡಿದರು, ಶಲ್ಯ ಹೆಗಲಿಗೆ ಹಾಕಿಕೊಂಡರು, ಯಾರ ಮುಖವನ್ನೂ ನೋಡದೆ ಹೊರಟುಹೋದರು.

ಮನೆಗೆ ಬಂದಾಗ ಕೊಟ್ರೇಶ ಕಂಬಿಯ ಹತ್ತಿರವೇ ಕಾಯುತ್ತಿದ್ದ. ಸುದ್ದಿ ನನಗಿಂತ ಮುಂಚೆ ತಲುಪಿತ್ತು. "ಲೇ, ಬುದ್ಧಿಗಿದ್ದಿ ಐತಾ ನಿನಗೆ? ಆ ಮನುಷ್ಯನ ಕೈಯಾಗೇ ನಿನ್ನ ಮಗಳ ಹಗ್ಗ ಐತೆ ಅಂತ ಮರೆತ್ಯಾ?"

ಮರೆತಿದ್ದೆ. ಇಡೀ ಸಂಜೆ ಮರೆತಿದ್ದೆ.

ಮರುದಿನ ಬೆಳಿಗ್ಗೆ ಚಂಪಕಳ ತುಣುಕನ್ನಷ್ಟೇ ಫೋನಿಗೆ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಕುಳಿತು ಅರ್ಧ ಲೋಟ ಕಾಫಿ ಕುಡಿಯುತ್ತಿದ್ದರು. ಕೂರು ಎನ್ನಲಿಲ್ಲ. ತಪ್ಪಾಯಿತು ಎಂದೆ. ಫೋನು ಮುಂದಿಟ್ಟು ತೋರಿಸಿದೆ. ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಮುಂಚೆ ಬಿದ್ರೂ ಬಿದ್ದಂಗೇ, ಆಮೇಲೆ ಬಿದ್ರೂ ಬಿದ್ದಂಗೇ" ಎಂದರು.

"ಅವಳ ಕಾಲು ನಿಧಾನ ಇಲ್ಲ ಸಾರ್, ನಮ್ಮೆಲ್ಲರಿಗಿಂತ ಚುರುಕೈತೆ..."

"ಚುರುಕಾದ್ರೆ ತಲೆ ಒಡೆಯಲ್ವಾ? ಮೇಲ್ಕೇರಿ ಬಂಡೆ ಏನು, ಮುಂಚೆ ಬಿದ್ದೋಳು ಅಂತ ಮೆತ್ತಗಾಗ್ತೈತಾ?" ಫೋನನ್ನು ನನ್ನ ಕಡೆ ಸರಿಸಿದರು. "ಕ್ಯಾಮೆರಾ ನಿಂತ್ರೆ ಸಾಲ್ದು ತಾಯಿ. ಕಾಲು ನಿಲ್ಬೇಕು."

ಸಿಟ್ಟು ಬಂತು. ದಾರಿಯುದ್ದಕ್ಕೂ ಬೈದುಕೊಂಡು ಬಂದೆ. ಮನೆ ಹತ್ತಿರವಾದ ಹಾಗೆ, ಅವರು ಹೇಳಿದ್ದರಲ್ಲಿ ಬೈಯುವಂಥದ್ದು ಏನಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಉಪಾಯ ಹೇಳಿಕೊಟ್ಟವಳು ಚಂಪಕಳೇ. ನಾನು ಹಿತ್ತಿಲಿನಲ್ಲಿ ಗಿಂಬಲ್ ಹಿಡಿದು ನಡೆಯುವ ಅಭ್ಯಾಸ ಮಾಡುತ್ತಿದ್ದೆ. ಅದು ಅಲುಗಾಟವನ್ನೆಲ್ಲ ತಾನೇ ನುಂಗುತ್ತದೆಂದು ಹೊಸಬರು ಅಂದುಕೊಳ್ಳುತ್ತಾರೆ, ಹಾಗಿಲ್ಲ. ಹೆಜ್ಜೆಯ ಕುಪ್ಪಳಿಕೆಯನ್ನು ನಾವೇ ನುಂಗಬೇಕು. ಮೊಣಕೈ ಪಕ್ಕೆಗೆ ಒತ್ತಿರಬೇಕು, ಮಂಡಿ ಸ್ವಲ್ಪ ಮಡಿದು ಸಡಿಲವಿರಬೇಕು, ಹಿಮ್ಮಡಿ ಮೊದಲು ಊರಿ ಬೆರಳಿನವರೆಗೆ ಪಾದವನ್ನು ಉರುಳಿಸಬೇಕು. ನಿದ್ದೆ ಹೋದ ಕೂಸನ್ನು ಎಲ್ಲಿ ಎದ್ದೀತೋ ಎಂದು ಹೆದರುತ್ತ ತೊಟ್ಟಿಲಿಗೆ ಒಯ್ಯುವವರ ನಡಿಗೆ ಅದು. ನನಗೆ ಬೇಗ ಬಂತು.

"ಅವ್ವ, ನನಗೊಂದ್ಸಲ ಕೊಡು" ಎಂದಳು. ಕೊಟ್ಟೆ. ಎರಡು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಹಾಕಿದಳು. ಐದನೆಯದಕ್ಕೆ ಒರಗಿ ದಪ್ಪನೆ ಬಿದ್ದಳು. ನಾನು ತಟ್ಟನೆ ನನ್ನ ಪಾದ ನೋಡಿಕೊಂಡೆ, ವಾಲು ಬಂದು ಹೋಯಿತು. ತಲೆ ಎತ್ತಿದರೆ ಅವಳು ಬಿದ್ದಲ್ಲೇ ಕುಳಿತು ಗಿಂಬಲ್ಲನ್ನು ಕಣ್ಣರಳಿಸಿ ನೋಡುತ್ತಿದ್ದಳು.

"ಅವ್ವ! ಇದು ನನಗಿಂತ ಲೇಟು!"

"ಏನು ಲೇಟು?"

"ನನ್ನ ಕಾಲು ಜುಮ್ ಅಂದಾಗ ಇದು ಸುಮ್ನೇ ಇತ್ತು. ನಾನು ಬಿದ್ದಮೇಲೆ ಗುಂಯ್ ಅಂತ ಕೈನ ತಳ್ತು."

ನನ್ನ ಮೈಯೆಲ್ಲ ಜುಮ್ಮೆಂದಿತು, ಅದು ವಾಲಿನದಲ್ಲ. ನೆಲ ನಿಜವಾಗಿ ಓರೆಯಾದಾಗ ಮಾತ್ರ ಮೋಟರು ಹಿಡಿಯನ್ನು ಎದುರು ತಳ್ಳುತ್ತದೆ. ಹಿಮ್ಮಡಿಯ ಮಾತು ಕೇಳಿ ಒರಗಬೇಡ, ಅಂಗೈಯ ಮಾತು ಕೇಳಿ ಒರಗು ಎಂದು ಅವಳಿಗೆ ಕಲಿಸಬಹುದು!

ತೊಂದರೆ ಏನೆಂದರೆ ವಾಲು ನಾವು ಕರೆದಾಗ ಬರುವುದಿಲ್ಲ. ಒಂದು ದಿನ ಮೂರು ಬಂದರೆ ಮರುದಿನ ಒಂದೂ ಇಲ್ಲ. ಅವಳು ಎದ್ದಾಗಿನಿಂದ ಮಲಗುವವರೆಗೆ, ಶಾಲೆಯ ಹೊತ್ತು ಬಿಟ್ಟರೆ, ಗಿಂಬಲ್ಲು ಅವಳ ಕೈಯಲ್ಲೇ. ಅದನ್ನು ಹಿಡಿದೇ ಉಂಡಳು, ಹಿಡಿದೇ ಮಗ್ಗಿ ಹೇಳಿದಳು. ದೊಡ್ಡ ಬೀದಿಯಲ್ಲಿ ಅವಳು ಮಂಡಿ ಸಡಿಲಬಿಟ್ಟು ನಡೆದರೆ, ಪಕ್ಕದಲ್ಲಿ ಕೊಟ್ರೇಶ ಕಂಬಿಯ ಮೇಲೆ ಕೊಂಡಿಯನ್ನು ಸರ್ರನೆ ಜಾರಿಸುತ್ತ ಓಡುತ್ತಿದ್ದ. "ತಡಿ ಮಗಾ, ಅವಸರ ಮಾಡ್ಬೇಡ! ಕೋಳಿ ಕೂಗೋಗಂಟ ತಡಿ!" ಬೀದಿಯವರು ಅಂಗಡಿ ಬಿಟ್ಟು ನೋಡುತ್ತಿದ್ದರು. ಮೊದಲ ಐದು ವಾಲಿಗೂ ಬಿದ್ದಳು. ಆರನೆಯದಕ್ಕೆ ಅರ್ಧ ಒರಗಿ, ತಡೆದು, ಮಂಡಿ ಊರಿದಳು. ಏಳನೆಯದು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗಿನಿಂದ ಕೊಟ್ರೇಶನ ಕೂಗು ಕೇಳಿಸಿತು: "ನಿಂತ್ಲು! ನಿಂತ್ಲು ಕಣೇ!" ಹಿಟ್ಟಿನ ಕೈಯಲ್ಲೇ ಓಡಿದೆ. ಚಂಪಕ ಬೀದಿ ನಡುವೆ ನಿಂತು ನಗುತ್ತಿದ್ದಳು, ಅವಳಪ್ಪ ಹಗ್ಗಕ್ಕೆ ಜೋತುಬಿದ್ದು ನೇತಾಡುತ್ತ ಚಪ್ಪಾಳೆ ಹೊಡೆಯುತ್ತಿದ್ದ.

ಅವತ್ತು ಅವನು ಒಂದು ಮಾತು ಕೇಳಿದ. "ನನ್ನೂ ಒಂದ್ಸಲ ತೆಗಿಯೇ. ನಾನೂ ಮುಂಚೇನೇ ಬೀಳ್ತಿದ್ನೇನೋ. ಯಾರಿಗೊತ್ತು?" ತೆಗೆದೆ. ಎರಡು ದಿನ ಕಾದು ಒಂದು ವಾಲಿನಲ್ಲಿ ಅವನನ್ನು ಹಿಡಿದೆ. ಕಂಬಗಳು ಬಾಗಿ, ಜನರೆಲ್ಲ ಒರಗಿ, ಹಿಂದಕ್ಕೆ ಬರುವ ಹೊತ್ತಿಗೆ ಅವನು ಸಾವಕಾಶವಾಗಿ ಬಿದ್ದಿದ್ದ. ಪರದೆಯನ್ನು ಬಹಳ ಹೊತ್ತು ನೋಡಿದ. "ಹೋಗ್ಲಿ ಬಿಡು, ನಾನು ಅಸಲಿ ಬೀಳೋನೇ" ಎಂದು ಮೆಷಿನ್ನಿಗೆ ದಾರ ಪೋಣಿಸತೊಡಗಿದ. ಆಮೇಲೆ ತಲೆ ಎತ್ತದೆ, "ಅವಳಿಗೆ ಮಾತ್ರ ಇದನ್ನ ಕಟ್ಟಿಸ್ಬೇಡ" ಎಂದು ಸೊಂಟದ ಹಗ್ಗ ಮುಟ್ಟಿ ಹೇಳಿದ. ಇಷ್ಟು ವರ್ಷದಲ್ಲಿ ಹಗ್ಗದ ಬಗ್ಗೆ ಅವನು ತಮಾಷೆಯಿಲ್ಲದೆ ಆಡಿದ ಮಾತು ಅದೊಂದೇ.

ಪರೀಕ್ಷೆಯಲ್ಲಿ ಗಿಂಬಲ್ ಹಿಡಿಯುವ ಹಾಗಿಲ್ಲ, ಕೈ ಖಾಲಿ ಇರಬೇಕು. ಹಿಮ್ಮಡಿ ಜುಮ್ಮೆಂದದ್ದಕ್ಕೂ ಮೋಟರು ತಳ್ಳಿದ್ದಕ್ಕೂ ನಡುವೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿದೆವು. ಒಂದು, ಎರಡು ಎಂದು ಎಣಿಸಿದರೆ ಹೆದರಿಕೆಯಲ್ಲಿ ಎಣಿಕೆಯೇ ಓಡುತ್ತಿತ್ತು. ಚಂಪಕ ತಾನೇ ಕಂಡುಕೊಂಡಳು: "ಒಂದ್ಸಲ ಉಗುಳು ನುಂಗೋವಷ್ಟು ಅವ್ವ. ನುಂಗಿ ಆದ್ಮೇಲೆ ಒರಗ್ಬೇಕು." ಬರಿಗೈಯಲ್ಲಿ ಅಭ್ಯಾಸ ಮಾಡಿದ ಹತ್ತು ದಿನದಲ್ಲಿ ಒಂಬತ್ತು ವಾಲು ಸಿಕ್ಕವು. ಆರಕ್ಕೆ ನಿಂತಳು, ಮೂರಕ್ಕೆ ಬಿದ್ದಳು.

ಪರೀಕ್ಷೆಗೆ ಎರಡು ದಿನ ಇರುವಾಗ ವಿರೂಪಾಕ್ಷಪ್ಪ ಮೇಷ್ಟ್ರು ಕೊಟ್ರೇಶನ ಹೊಲಿಗೆ ಅಂಗಡಿಗೆ ಬಂದರು. ಕೊಟ್ರೇಶ ಎದ್ದು ನಿಂತ. ಅವರು ನನ್ನನ್ನು ನೋಡಿ, "ನಾಡಿದ್ದು ಕೋಳಿಕತ್ತು ತಗೊಂಡು ಮೇಲ್ಕೇರಿಗೆ ಬಾ ತಾಯಿ. ಪರೀಕ್ಷೆ ತೆಗೀಬೇಕು ನೀನು" ಎಂದರು.

"ಪರೀಕ್ಷೇನಾ? ಯಾಕೆ ಸಾರ್?" ಎಂದೆ.

"ಬಾಳೆಕಂಬ ತಬ್ಬಿಕೊಂಡಿದ್ದು ನಾನು ಅಂತ ಗೋಡೆ ಮೇಲೆ ನೋಡೋವರ್ಗೂ ನನಗೇ ಗೊತ್ತಿರ್ಲಿಲ್ಲ" ಎಂದರು. "ನಾನು ಅಲುಗದೆ ನಿಂತೀನಿ ಅಂತ್ಲೇ ತಿಳ್ಕೊಂಡಿದ್ದೆ. ನಲವತ್ತು ವರ್ಷ ವಾಲು ಮುಗಿದ್ಮೇಲೆ ಕಣ್ಣುಬಿಟ್ಟು, ನೆಲದ ಮೇಲೆ ಯಾರಿದಾರೆ ಅಂತ ಎಣಿಸಿದೀನಿ. ಯಾರು ಯಾರನ್ನ ತಳ್ಳಿದ್ರು, ಯಾರ ಕಾಲು ಯಾರಿಗೆ ತಗಲ್ತು, ಒಂದೂ ನೋಡಿಲ್ಲ." ಕೊಟ್ರೇಶನ ಕಡೆ ತಿರುಗಿದರು. ಅವನ ಸೊಂಟದ ಹಗ್ಗ ನೋಡಿದರು.

ಕೊಟ್ರೇಶ ನಕ್ಕ. "ನಂದು ತೆಗೆಸಿ ನೋಡಿದೀನಿ ಬಿಡ್ರಿ ಸಾರ್. ನೀವು ಸರಿಯಾಗೇ ಕಟ್ಟಿದ್ರಿ."

ಮೇಷ್ಟ್ರು ಅವನ ಭುಜ ಮುಟ್ಟಿ ಹೊರಟರು. ಬಾಗಿಲಲ್ಲಿ ನಿಂತು, "ಮಗಳು ಅಂತ ಕ್ಯಾಮೆರಾ ಆಕಡೆ ಈಕಡೆ ತಿರುಗಿಸ್ಬೇಡ. ಬಿದ್ರೆ ಬಿದ್ಲು ಅಂತ್ಲೇ ಬರೀತೀನಿ" ಎಂದು ಎಚ್ಚರಿಸಿದರು.

ಪರೀಕ್ಷೆಯ ಬೆಳಿಗ್ಗೆ ಕೊಟ್ರೇಶ ಕಂಬಿ ಮುಗಿಯುವ ಜಾಗದವರೆಗೆ ಬಂದ. ಅಲ್ಲಿಂದ ಮೇಲ್ಕೇರಿಯ ಮೆಟ್ಟಿಲು ಕಾಣುತ್ತದೆ, ಬಂಡೆ ಕಾಣುವುದಿಲ್ಲ. "ನುಂಗೋದು ಮರೀಬೇಡ" ಎಂದಷ್ಟೇ ಅವಳಿಗೆ ಹೇಳಿದ.

ಶಾಲೆಯ ಮುಂದಿನ ಬಂಡೆಯ ಮೇಲೆ ಸುಣ್ಣದಲ್ಲಿ ಹನ್ನೊಂದು ವೃತ್ತ ಬರೆದಿದ್ದರು. ವೃತ್ತಕ್ಕೊಂದು ಮಗು. ವಾಲು ಬರುವವರೆಗೆ ನಿಂತಿರಬೇಕು. ಕೈಯಾಗಲಿ ಮಂಡಿಯಾಗಲಿ ಬಂಡೆಗೆ ತಗುಲಿದರೆ, ಪಾದ ವೃತ್ತದಿಂದ ಆಚೆ ಬಂದರೆ ಬಿದ್ದ ಹಾಗೆ. ಚಂಪಕ ಬಲದಿಂದ ಮೂರನೆಯವಳು. ತಂದೆತಾಯಂದಿರು ಗೋಡೆಯುದ್ದಕ್ಕೂ ನಿಂತಿದ್ದರು. ಮೇಷ್ಟ್ರು ನನ್ನನ್ನು ಎಲ್ಲರಿಗಿಂತ ಮುಂದೆ, ಹನ್ನೊಂದೂ ಮಕ್ಕಳು ಕಾಣುವಲ್ಲಿ ನಿಲ್ಲಿಸಿದರು. ತೂಕ ಸಮಮಾಡಿ ಗುಂಡಿ ಒತ್ತಿದೆ. ಕೋಳಿಕತ್ತು ತಲೆ ಎತ್ತಿತು.

ಒಂದು ಗಂಟೆ ಕಳೆಯಿತು. ಬಿಸಿಲು ಏರಿತು. ಒಬ್ಬ ಹುಡುಗ ಉಚ್ಚೆ ಬಂತೆಂದ, ಅವನಮ್ಮ ಗೋಡೆಯ ಹತ್ತಿರದಿಂದಲೇ "ತಡ್ಕೊಳೋ, ನಮ್ಮಪ್ಪ" ಎಂದು ಬೇಡಿದಳು. ನನ್ನ ತೋಳು ಸೋತು ಕಲ್ಲಾಗಿತ್ತು, ಮೊಣಕೈಯನ್ನು ಪಕ್ಕೆಗೆ ಇನ್ನಷ್ಟು ಒತ್ತಿಕೊಂಡೆ. ಬೆಳಿಗ್ಗೆ ಐದಕ್ಕೆ ಎದ್ದು ಅಡಿಗೆ, ನೀರು, ಹಿಂದಿನ ದಿನದ ನಾಮಕರಣದ ಕೆಲಸ ಎಲ್ಲ ಮುಗಿಸಿ ಬಂದ ಕಾಲುಗಳು ನನ್ನವು. ಆದರೂ ಕಣ್ಣು ಪರದೆ ಬಿಟ್ಟು ಕದಲಲಿಲ್ಲ.

ಪರದೆಯ ಮೇಲೆ ಚಂಪಕಳ ಭುಜ ಸಣ್ಣಗೆ ಕಂಪಿಸಿತು.

ಬಂತು ಎಂದು ನನಗೆ ಗೊತ್ತಾಯಿತು. ಊರಿನಲ್ಲಿ ಆ ಕ್ಷಣ ಅದು ಗೊತ್ತಿದ್ದದ್ದು ಇಬ್ಬರಿಗೇ, ಅವಳಿಗೆ ಮತ್ತು ನನಗೆ. ಇನ್ನಾರೂ ತಲೆ ತಗ್ಗಿಸಿರಲಿಲ್ಲ. ಅವಳ ಮೈ ಒಂದು ಎಳೆಯಷ್ಟು ಎಡಕ್ಕೆ ಸರಿಯಿತು. ಸರಿದು ನಿಂತಿತು. ಕತ್ತಿನಲ್ಲಿ ಗಂಟಲು ಮೇಲೆ ಹೋಯಿತು, ಕೆಳಗೆ ಬಂತು. ನುಂಗಿದಳು. ಶಾಲೆಯ ಧ್ವಜದ ಕಂಬ ಬಾಗತೊಡಗಿತು. ಹತ್ತು ತಲೆಗಳು ಪಟ್ಟನೆ ತಗ್ಗಿದವು, ಅವಳದೊಂದು ಎತ್ತಿಯೇ ಇತ್ತು. ಹನ್ನೊಂದು ಮಕ್ಕಳು ಒಂದೇ ಸಲಕ್ಕೆ ಎಡಕ್ಕೆ ಒರಗಿದರು, ಅವಳೂ, ಅವರ ಜೊತೆಗೇ, ಕೂದಲೆಳೆಯಷ್ಟೂ ಹಿಂದಿಲ್ಲ ಮುಂದಿಲ್ಲ! ಆಗ ಪರದೆ ಮೇಲಕ್ಕೆ ಹೋಯಿತು, ಅಥವಾ ನಾನು ಕೆಳಕ್ಕೆ ಹೋದೆ. ನನ್ನ ಬೆನ್ನಿಗೆ ಬಂಡೆ ಬಡಿಯಿತು. ಜನ್ಮದಲ್ಲಿ ಮೊದಲ ಸಲ ವಾಲು ಬಂದಾಗ ನಾನು ನನ್ನ ಪಾದ ನೋಡಿಕೊಂಡಿರಲಿಲ್ಲ.

ಊರು ಸಮಕ್ಕೆ ಬಂತು. ನಾನು ಅಂಗಾತ ಬಿದ್ದಿದ್ದೆ. ಬಲಗೈ ಮಾತ್ರ ಮೇಲೆತ್ತಿತ್ತು, ಅದರ ತುದಿಯಲ್ಲಿ ಕೋಳಿಕತ್ತು ಏನೂ ಆಗದಂತೆ ಮಕ್ಕಳನ್ನೇ ನೋಡುತ್ತಿತ್ತು.

ಗೋಡೆಯ ಹತ್ತಿರದವರೆಲ್ಲ ಮರ್ಯಾದೆಗೆ ಬೇರೆ ಕಡೆ ತಿರುಗಿಕೊಂಡರು. ಮೇಷ್ಟ್ರು ತಿರುಗಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು, ನೆಲಕ್ಕೆ ಕುಕ್ಕರುಗಾಲಲ್ಲಿ ಕುಳಿತು, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮೊದಲಿನಿಂದ ಹಾಕಿಸಿ ನೋಡಿದರು. ಒಂದೊಂದು ಮಗುವಿನ ಪಾದಕ್ಕೂ ಬೆರಳಿಟ್ಟು ನೋಡಿದರು. ಮೂರನೆಯದರ ಮೇಲೆ ಬೆರಳು ತುಸು ಹೊತ್ತು ನಿಂತಿತು. ಆಮೇಲೆ ಎದ್ದು ಪುಸ್ತಕ ತೆರೆದು ಗಟ್ಟಿಯಾಗಿ ಹೇಳಿದರು:

"ಮಕ್ಕಳು ಹನ್ನೊಂದು. ನಿಂತೋರು ಹನ್ನೊಂದು. ಬಿದ್ದೋರು, ಒಬ್ಬ ತಾಯಿ. ಅವರ ವಯಸ್ಸಿಗೆ ಪರೀಕ್ಷೆ ಇಲ್ಲ."

ನಗು ಹೊಡೆದುಕೊಂಡಿತು. ಯಾರೋ ಮೆಟ್ಟಿಲ ತುದಿಗೆ ಓಡಿ ಕೆಳಗೆ ಕೂಗಿದರು, "ಕೊಟ್ರೇಶಣ್ಣಾ, ನಿಂತ್ಲಪ್ಪೋ ನಿನ್ನ ಮಗಳು!" ಕೆಳಗಿನಿಂದ ಕಬ್ಬಿಣದ ಸದ್ದು ಬಂತು, ಅವನು ಕೊಂಡಿಯಿಂದ ಕಂಬಿಯ ಮೇಲೆ ಟಣಟಣ ಬಾರಿಸುತ್ತಿದ್ದ. ನಿಲ್ಲಿಸಲೇ ಇಲ್ಲ.

ಚಂಪಕ ವೃತ್ತದಿಂದ ಹಾರಿ ನನ್ನ ಕಡೆ ಓಡಿ ಬಂದಳು. ನಾನು ಮೊಣಕೈ ಊರಿ ಏಳಲು ಹೊರಟೆ. ಅವಳು ನನ್ನಿಂದ ಎರಡು ಮಾರು ದೂರದಲ್ಲೇ ಗಕ್ಕನೆ ನಿಂತು ಒಂದು ಕೈ ಚಾಚಿದಳು.

"ಏಳ್ಬೇಡ ಅವ್ವ. ಇನ್ನೊಂದು ಬರ್ತೈತೆ."

ಬೇರೆ ಯಾರಿಗೂ ಏನೂ ಗೊತ್ತಿರಲಿಲ್ಲ, ಎಲ್ಲರೂ ನಗುತ್ತ ಮಾತಾಡುತ್ತಿದ್ದರು. ನಾನು ಮೊಣಕೈ ಸಡಿಲಬಿಟ್ಟು ಬಂಡೆಯ ಮೇಲೆ ಹಾಗೇ ಒರಗಿ, ಅವಳು ಉಗುಳು ನುಂಗುವುದನ್ನು ನೋಡಿದೆ.